ನಾಲ್ಕು ದಿನದ ವಿದ್ಯೆ

ನಮ್ಮ ಕಡೂರು ಸೀಮೆಯವರಿಗೆ ನೀರೆಂದರೆ ಮೊದಲು ನೆನಪಾಗತಕ್ಕದ್ದು ಕೆರೆಯೇ ಹೊರತು ಕಡಲಲ್ಲ. ಮದಗದ ಕೆರೆ ಕೋಡಿ ಬಿದ್ದಿತೆಂದರೆ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೊರಡುತ್ತಾರೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯ ಮೇಲೆ ನಿಂತು ಮಕ್ಕಳಿಗೆ ಇದೇ ಸಮುದ್ರವೆಂದು ತೋರಿಸುವವರೂ ಉಂಟು. ಮಳೆ ಕೈಕೊಟ್ಟ ವರ್ಷಗಳನ್ನೇ ಹೆಚ್ಚಾಗಿ ಕಂಡ ಜನಕ್ಕೆ ನೀರಿನ ಮೇಲೆ ಭಕ್ತಿ ಹೆಚ್ಚು, ಸಲಿಗೆ ಕಡಮೆ. ಇಂಥ ಊರಿನ ನಮ್ಮ ಮನೆಯಲ್ಲಿ ಒಂದು ದೀಪಾವಳಿಯ ದಿನ ತಮ್ಮನ ಮಗಳು, “ದೊಡ್ಡಪ್ಪ, ನಾನು ಸ್ಕೂಬಾ ಡೈವಿಂಗ್ ಕಲಿಯಬೇಕು. ನಾಲ್ಕೇ ದಿನವಂತೆ. ಅಪ್ಪನಿಗೆ ನೀವು ಹೇಳಿ” ಎಂದಳು.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ಚಿತ್ರವನ್ನು ನೋಡಿದಾಗ ಹುಟ್ಟಿದ ಆಸೆಯದು. ಅದರಲ್ಲಿ ಅವರು ನೇತ್ರಾಣಿಯ ನೀರಿಗಿಳಿಯುತ್ತಾರೆ. ಮುರುಡೇಶ್ವರದಿಂದ ಕಡಲಿನೊಳಕ್ಕೆ ಸುಮಾರು 19 ಕಿಲೋಮೀಟರು ದೂರದಲ್ಲಿರುವ, ಜನವಸತಿಯಿಲ್ಲದ ದ್ವೀಪ ಅದು. ಬೆನ್ನ ಮೇಲೆ ಗಾಳಿಯ ಸಿಲಿಂಡರು ಹೊತ್ತು, ಬೇಕಾದಷ್ಟೇ ಗಾಳಿಯನ್ನು ಬಾಯಿಂದ ಸೇದಿಕೊಳ್ಳುತ್ತ ಮುಳುಗುವ ಸಾಧನವನ್ನು ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು 1943ರಲ್ಲಿ ಸಿದ್ಧಪಡಿಸಿದರು.

ಮುರುಡೇಶ್ವರಕ್ಕೆ ಹೋಗಿಬಂದ ವಾಚಕರು, ‘ನಾವು ಒಂದೇ ದಿನದಲ್ಲಿ ಮುಳುಗಿ ಬಂದೆವಲ್ಲ’ ಎನ್ನಬಹುದು. ಅದು ಶಿಕ್ಷಕರು ಹಿಡಿದುಕೊಂಡು ಹೋಗಿ ತೋರಿಸಿ ತರುವ ನೋಟ. ಅಪ್ಪನ ಹೆಗಲ ಮೇಲೆ ಕುಳಿತು ಜಾತ್ರೆ ನೋಡಿದ ಮಗು ದಾರಿ ಬಲ್ಲದೆನ್ನಲಾದೀತೆ? ಅರ್ಹತಾಪತ್ರದ ಮಾತೇ ಬೇರೆ. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾಡಿ ಎಂಬ ಸಂಸ್ಥೆಯ ‘ಓಪನ್ ವಾಟರ್’ ಎಂಬ ಮೊದಲ ಮೆಟ್ಟಿಲಿಗೆ ಐದು ಪಾಠ, ಒಂದು ಪರೀಕ್ಷೆ, ಕೊಳದಲ್ಲಿಯೋ ತಿಳಿನೀರಿನಲ್ಲಿಯೋ ಐದು ಅಭ್ಯಾಸ, ಆ ಮೇಲೆ ತೆರೆದ ಕಡಲಿನಲ್ಲಿ ನಾಲ್ಕು ಮುಳುಗು ಆಗತಕ್ಕದ್ದು. ಅದಾದರೆ ಜೊತೆಗಾರರೊಬ್ಬರೊಡನೆ, ಶಿಕ್ಷಕರಿಲ್ಲದೆ, 18 ಮೀಟರಿನವರೆಗೆ ಇಳಿಯಬಹುದು. ಪಾಠಗಳನ್ನು ಮನೆಯಲ್ಲೇ ಓದಿಕೊಂಡು ಹೋದವರಿಗೆ ಮೂರು ನಾಲ್ಕು ದಿನ ಸಾಕೆಂಬುದು ಸುಳ್ಳಲ್ಲ.

ಆದರೆ ಆ ಲೆಕ್ಕ ಈಜು ಬಲ್ಲ, ಆರೋಗ್ಯವಂತರಾದವರದು. ಕಾಲದ ಮಿತಿಯಿಲ್ಲದಿದ್ದರೂ 200 ಮೀಟರು ಈಜಬೇಕು. ಹತ್ತು ನಿಮಿಷ ತೇಲಬೇಕು. ನಮ್ಮ ಹುಡುಗಿ ನೀರಿಗೆ ಕಾಲಿಟ್ಟವಳೇ ಅಲ್ಲ. ನಮ್ಮ ಚಿಕ್ಕಪ್ಪನವರು ಎಳೆಯ ವಯಸ್ಸಿನಲ್ಲಿ ಕೆರೆಯ ಪಾಲಾದಂದಿನಿಂದ ನಮ್ಮ ಮನೆಯಲ್ಲಿ ಮಕ್ಕಳನ್ನು ನೀರಿನ ಹತ್ತಿರ ಬಿಟ್ಟವರಿಲ್ಲ. ಅವಳು ಓದುತ್ತಿದ್ದ ಮೈಸೂರಿನ ಈಜುಕೊಳವೊಂದರಲ್ಲಿ ಬೆಳಗಿನ ಚಳಿಯಲ್ಲಿ ಮೂರು ತಿಂಗಳು ಕಳೆದುವು.

ಅನಂತರ ಬಂದುದು ಆರೋಗ್ಯದ ಪ್ರಶ್ನಾವಳಿ. ಉಬ್ಬಸವಿತ್ತೆ ಎಂಬುದೊಂದು ಪ್ರಶ್ನೆ. ಹುಡುಗಿಗೆ ಎಂಟು ವರ್ಷದವರೆಗೆ ಇತ್ತು. “ಹಳೆಯ ಮಾತು, ಇಲ್ಲವೆಂದು ಬರೆದರಾಯಿತು” ಎಂದರು ನೆಂಟರೊಬ್ಬರು. ಈ ಜಾಣತನ ನನಗೆ ಹಿಡಿಸಲಿಲ್ಲ. ಹತ್ತು ಮೀಟರು ಆಳದಲ್ಲಿ ನೀರಿನ ಒತ್ತಡ ಸೇರಿ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ; ಅಲ್ಲಿ ಸೇದಿದ ಒಂದು ಲೀಟರು ಗಾಳಿ ಮೇಲೆ ಬರುವ ವೇಳೆಗೆ ಎರಡು ಲೀಟರಾಗಿ ಹಿಗ್ಗುತ್ತದೆ. ಉಸಿರು ಹಿಡಿಯಲೇಕೂಡದೆಂಬುದು ಈ ವಿದ್ಯೆಯ ಮೊದಲ ಪಾಠ. ಶ್ವಾಸನಾಳ ಬಿಗಿದು ಗಾಳಿ ಒಳಗೇ ಸಿಕ್ಕಿಕೊಂಡರೆ ಶ್ವಾಸಕೋಶ ಹರಿದೀತು. ಇಷ್ಟೆಲ್ಲ ನಾನು ವಿವರಿಸುವಷ್ಟರಲ್ಲಿ ನಮ್ಮ ತಾಯಿಯವರು ಒಳಗಿನಿಂದ ಬಂದು, “ಎದೆಗೆ ಬಿಸಿ ಎಣ್ಣೆ ಸವರಿ ರಾತ್ರಿಯೆಲ್ಲ ಕೂತವಳು ನಾನು. ಇಲ್ಲ ಅಂತ ಹೇಗೆ ಬರೀತೀಯೇ?” ಎಂದರು. ಹುಡುಗಿ ‘ಹೌದು’ ಎಂದು ಬರೆದಳು.

ಹೌದೆಂದರೆ ವೈದ್ಯರ ರುಜು ಬೇಕು. ಕೊಳವೆಯಲ್ಲಿ ಊದಿಸಿ ನೋಡುವ ಪರೀಕ್ಷೆ, ಓಡಿಸಿ ಮತ್ತೆ ಊದಿಸುವ ಪರೀಕ್ಷೆ, ಒಂದು ತಿಂಗಳ ಮೇಲೆ ಪುನಃ ಬರಹೇಳಿದ್ದು, ಎಲ್ಲ ಮುಗಿದು ರುಜು ಬೀಳುವ ವೇಳೆಗೆ ಮುಂಗಾರು ಹಿಡಿದಿತ್ತು. ಮಳೆಗಾಲದ ಕಡಲಿನಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಹುಡುಗಿ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಡಿಸೆಂಬರಿನಲ್ಲಿ ನಾನೇ ಜೊತೆಗೆ ಹೋದೆ. ಮೂಗು ಕಣ್ಣು ಮುಚ್ಚುವ ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ನೀರಿನಡಿಯಲ್ಲೇ ಮೂಗಿನಿಂದ ಊದಿ ಅದನ್ನು ಹೊರಹಾಕುವ ಅಭ್ಯಾಸವೊಂದಿದೆ. ಅವಳು ಎರಡು ಸಲ ಗಾಬರಿಯಾಗಿ ಎದ್ದುಬಿಟ್ಟಳು. ಶಿಕ್ಷಕರು ಗದರಲಿಲ್ಲ, ‘ಆಯಿತು’ ಎಂದು ಸುಳ್ಳು ಗುರುತೂ ಹಾಕಲಿಲ್ಲ. “ನಾಳೆ ನೋಡೋಣ” ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ನಾಲ್ಕು ದಿನ ಐದಾಯಿತು.

ಐದನೆಯ ದಿನ ಪಾಸಾಯಿತೆಂದು ತಿಳಿದೊಡನೆ ರಾತ್ರಿಯೇ ಊರಿಗೆ ಹೊರಡಬಹುದಾಗಿತ್ತು. ಅವಳು ಒಪ್ಪಲಿಲ್ಲ. ಮುಳುಗಿದವರ ಮೈಯಲ್ಲಿ ಸಾರಜನಕ ಕರಗಿ ನಿಂತಿರುತ್ತದೆಯಂತೆ. ಎತ್ತರಕ್ಕೆ ಬೇಗ ಏರಿದರೆ ಅದು ಗುಳ್ಳೆಗಟ್ಟಿ ಕೀಲುಗಳನ್ನೋ ನರಗಳನ್ನೋ ಹಿಡಿಯುವುದುಂಟು. ಹಲವು ಸಲ ಮುಳುಗಿದವರು ವಿಮಾನವೇರಲು 18 ಗಂಟೆಯಾದರೂ ಕಾಯತಕ್ಕದ್ದು. “ಕಡೂರು ಸಮುದ್ರಮಟ್ಟದಿಂದ 760 ಮೀಟರು ಮೇಲಿದೆ ದೊಡ್ಡಪ್ಪ. ಘಟ್ಟ ಹತ್ತೋದೂ ಹಾರಿದ ಹಾಗೇ” ಎಂದಳು. ಹುಟ್ಟಿದಾಗಿನಿಂದ ಕಡೂರಿನಲ್ಲಿರುವ ನನಗೆ ನಾವು ಇಷ್ಟು ಎತ್ತರದವರೆಂದು ತೋರಿದ್ದು ಅದೇ ಮೊದಲು.

ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದೆವು. ನಮ್ಮ ತಾಯಿಯವರು ಫೋನಿನಲ್ಲಿ, “ಕೆಳಗೆ ಏನು ಕಂಡೆಯೇ?” ಎಂದು ಕೇಳಿದರು.

“ಮೀನು ಅಜ್ಜಿ. ಆದರೆ ಅಲ್ಲಿ ನೋಡೋದಕ್ಕಿಂತ ಕೇಳೋದು ಹೆಚ್ಚು. ನಮ್ಮ ಉಸಿರೇ ಕೇಳ್ತಾ ಇರುತ್ತೆ.”

“ಹೇಗೆ ಕೇಳ್ತು?”

“ಸಲೀಸಾಗಿತ್ತು ಅಜ್ಜಿ.”