ಹನೂರು ದಾರಿಯ ಹಡಗು ಡಾಕ್ಟರು

ಕಡಲಿನ ಸಿನಿಮಾ ನೋಡಲು ಕೊಳ್ಳೇಗಾಲದವರಷ್ಟು ಯೋಗ್ಯರು ಬೇರೆ ಯಾರೂ ಇಲ್ಲ ಎಂಬುದು ನನ್ನ ವಾದ. ಕರಾವಳಿಯವರು ತೆರೆಯ ಮೇಲೆ ಹಡಗು ಕಂಡ ಕೂಡಲೇ ಗಾಳಿ ಯಾವ ಕಡೆ, ಹಾಯಿ ಯಾವ ಕಡೆ ಎಂದು ತಪ್ಪು ಹುಡುಕಲು ಕೂರುತ್ತಾರೆ. ನಮಗೆ ಆ ತಾಪತ್ರಯವಿಲ್ಲ. ನಮ್ಮ ಸೀಮೆಯಲ್ಲಿ ನೀರಿನ ಮೇಲಿನ ಸವಾರಿ ಎಂದರೆ ಕಾವೇರಿಯ ತೆಪ್ಪ, ಹರಿಗೋಲು. ಹರಿಗೋಲಿಗೆ ಮುಂದು ಹಿಂದು ಎಂಬುದೇ ಇಲ್ಲವಾದ್ದರಿಂದ ಹಡಗಿನ ವಿಷಯದಲ್ಲಿ ಯಾರು ಏನು ತೋರಿಸಿದರೂ ನಂಬುತ್ತೇವೆ.

ಹೀಗೆ ನಂಬಿ ನೋಡಿದ ಸಿನಿಮಾ ‘ಮಾಸ್ಟರ್ ಅಂಡ್ ಕಮಾಂಡರ್’. 2003ರದ್ದು, ಪೀಟರ್ ವಿಯರ್ ನಿರ್ದೇಶನ. ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು, ಆ ವರ್ಷ ‘ಲಾರ್ಡ್ ಆಫ್ ದಿ ರಿಂಗ್ಸ್’ ಹನ್ನೊಂದನ್ನು ಬಾಚಿಕೊಂಡು ಹೋದ ಮೇಲೆ ಛಾಯಾಗ್ರಹಣ ಮತ್ತು ಧ್ವನಿ ಸಂಕಲನಕ್ಕೆ ಎರಡನ್ನು ಮನೆಗೆ ತಂದಿತು. ಧ್ವನಿಗೆ ಕೊಟ್ಟಿದ್ದು ನ್ಯಾಯ. ಮಂಜು ಕವಿದ ಬೆಳಗಿನ ಜಾವ, ಹಲಗೆಗಳು ಕಿರುಗುಟ್ಟುವ ಸದ್ದು, ಆಮೇಲೆ ಒಮ್ಮೆಗೇ ಫಿರಂಗಿ. ನಮ್ಮ ಮನೆಯ ಹಳೇ ಟಿವಿ ಗೂಡಿನಿಂದ ಬಿದ್ದೀತು ಎಂದು ಅಮ್ಮ ಅಡುಗೆಮನೆಯಿಂದ ಓಡಿ ಬಂದಿದ್ದಳು.

ಸೋದರಮಾವ ಪಕ್ಕದಲ್ಲೇ ಕೂತಿದ್ದರು. ರೇಷ್ಮೆ ಸೀರೆ ನೇಯ್ದು ಬೆನ್ನು ಬಾಗಿದ ಮನುಷ್ಯ, ಇಂಗ್ಲಿಷ್ ಬಾರದು. ನಾವಿಕರು ನೂರಾರು ಹಗ್ಗಗಳ ನಡುವೆ ಹತ್ತಿ ಇಳಿಯುವುದನ್ನು ನೋಡಿ, “ಇದೂ ಮಗ್ಗವೇ ಕಣಪ್ಪ, ಯಾವ ಎಳೆ ಸಡಿಲಾಯ್ತು ಅಂತ ಕಂಡುಹಿಡಿಯೋನೇ ಯಜಮಾನ” ಅಂದರು. ವಿಮರ್ಶಕರು ಪುಟಗಟ್ಟಲೆ ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಅಂದಹಾಗೆ ತೆರೆಯ ಮೇಲಿನ ‘ಸರ್ಪ್ರೈಸ್’ ಹಡಗು ‘ರೋಸ್’ ಎಂಬ ಹಳೆಯ ಯುದ್ಧನೌಕೆಯ ಪ್ರತಿಕೃತಿ. ಅದನ್ನು ಕಟ್ಟಿದ್ದು 1970ರಲ್ಲಿ, ಕೆನಡಾದ ನೋವಾ ಸ್ಕೋಷಿಯಾದಲ್ಲಿ.

ಎಲ್ಲರೂ ಕ್ಯಾಪ್ಟನ್ ಪಾತ್ರದ ರಸೆಲ್ ಕ್ರೋನನ್ನು ಹೊಗಳುತ್ತಾರೆ. ನನ್ನ ಕಣ್ಣು ಹಡಗಿನ ವೈದ್ಯ ಮಾಟುರಿನ್ ಮೇಲೆ. ಕನ್ನಡಿ ಹಿಡಿಸಿಕೊಂಡು ತನ್ನ ಹೊಟ್ಟೆಗೆ ಹೊಕ್ಕ ಗುಂಡನ್ನು ತಾನೇ ತೆಗೆದುಕೊಳ್ಳುವ ಗಟ್ಟಿಗ. ಕೈಗೆ ಸಿಕ್ಕ ಜೀರುಂಡೆ, ಹಲ್ಲಿ, ಹಕ್ಕಿಗಳ ಹಿಂದೆ ಬೀಳುವ ಹುಚ್ಚ. ಗ್ಯಾಲಪಗೋಸ್ ದ್ವೀಪದಲ್ಲಿ ಪಂಜರಗಳನ್ನು ಹೊತ್ತು ಗುಡ್ಡ ಹತ್ತುತ್ತಾನೆ. ಆ ತುದಿಯಲ್ಲಿ ನಿಂತು ನೋಡಿದರೆ ಕೆಳಗಿನ ಕಡಲಲ್ಲಿ ಶತ್ರುವಿನ ಹಡಗು! ಹಿಡಿದದ್ದನ್ನೆಲ್ಲ ಅಲ್ಲೇ ಬಿಟ್ಟು ಕ್ಯಾಪ್ಟನ್‌ಗೆ ಸುದ್ದಿ ಮುಟ್ಟಿಸಲು ಓಡುತ್ತಾನೆ. ಸಿನಿಮಾದ ಜೀವ ಇರುವುದು ಈ ಓಟದಲ್ಲಿ. ಹುಳು ಹುಡುಕಲು ಹೋದವನು ಒಂದು ಗಳಿಗೆಯಲ್ಲಿ ಸೈನ್ಯದ ಬೇಹುಗಾರನಾಗುತ್ತಾನೆ.

ಇಂಥ ಒಬ್ಬ ಹಡಗು ಡಾಕ್ಟರು ನಮ್ಮ ಹನೂರಿಗೂ ಬಂದಿದ್ದ. ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನಲ್ಲಿ 1762ರಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯ ಕಲಿತು, ಏಷ್ಯಾಕ್ಕೆ ಬರುವ ಹಾಯಿಹಡಗುಗಳಲ್ಲಿ ವೈದ್ಯನಾಗಿ ದುಡಿದು, 1794ರಲ್ಲಿ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದವನು. ಅವನಿಗೂ ಗಿಡ, ಮೀನುಗಳ ಹುಚ್ಚು. ಮುಂದೆ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. 1799ರ ಮೇನಲ್ಲಿ ಟಿಪ್ಪು ಬಿದ್ದ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಆ ವರ್ಷವೇ ಶಿವನಸಮುದ್ರದ ಜಲಪಾತಗಳನ್ನು ನೋಡಿ, ಸತ್ತೇಗಾಲದಿಂದ ಸಿಂಗಾನಲ್ಲೂರು, ಹನೂರು, ಕೌದಳ್ಳಿ ಹಾದು ಘಟ್ಟ ಇಳಿದು ಕಾವೇರಿಪುರಕ್ಕೆ ಹೋದ. ಹೌದು, ಅದೇ ಸಿಂಗಾನಲ್ಲೂರು. ನಮ್ಮ ಅಣ್ಣಾವ್ರ ತಂದೆಯ ಊರು.

ಹನೂರಿನ ಶಾಲೆಗೆ ಮೇಷ್ಟ್ರಾಗಿ ಕೊಳ್ಳೇಗಾಲದಿಂದ ಓಡಾಡುತ್ತಿದ್ದಾಗ ಮಾದಪ್ಪನ ಬೆಟ್ಟದ ಬಸ್ಸೇ ನನಗೂ ಗತಿ. ಮುಡಿಪು ಹೊತ್ತ ಭಕ್ತರು, ಕೋಳಿ, ಮೂಟೆ, ಕಿಟಕಿಯಾಚೆ ರಾಗಿ ಹೊಲ, ಆಮೇಲೆ ಕುರುಚಲು ಕಾಡು. ಬುಕಾನನ್ ಸಾಗಿದ ಸೀಮೆ ಇದೇ ಎಂದು ಓದಿ ತಿಳಿದ ಮೇಲೆ ಬಸ್ಸಿನ ಕುಲುಕಾಟಕ್ಕೆ ಸ್ವಲ್ಪ ಗೌರವ ಬಂತು. ಸಿಕ್ಕಸಿಕ್ಕವರನ್ನು ನಿಲ್ಲಿಸಿ ಯಾವ ಮಣ್ಣಿಗೆ ಯಾವ ಬೆಳೆ, ಕಂದಾಯ ಎಷ್ಟು, ಯಾವ ಜಾತಿಯವರ ಪದ್ಧತಿ ಏನು ಎಂದು ಕೇಳಿ ಬರೆದುಕೊಳ್ಳುವುದು ಅವನ ಕ್ರಮ.

ಆ ಸಿನಿಮಾ ನಡೆಯುವುದು 1805ರಲ್ಲಿ, ನೆಪೋಲಿಯನ್ ಯುದ್ಧದ ನಡುವೆ. ನಮಗೆ ಸಂಬಂಧವಿಲ್ಲದ ಜಗಳ ಎನ್ನಬೇಡಿ. ಟಿಪ್ಪುವಿಗೆ ನೆಪೋಲಿಯನ್ ಈಜಿಪ್ಟಿನಿಂದ ಕಾಗದ ಬರೆದಿದ್ದ. ಫ್ರೆಂಚರು ಬಂದಾರೆಂಬ ಭಯವೇ ಶ್ರೀರಂಗಪಟ್ಟಣದ ಮೇಲಿನ ಕೊನೆಯ ದಾಳಿಗೆ ನೆಪವಾಯಿತು. ಆ ಯುದ್ಧದ ಪಾಲಿನಲ್ಲಿ ಕೊಳ್ಳೇಗಾಲ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು, ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಬುಕಾನನ್ನನ ಪ್ರವಾಸಕಥನ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದೂ ಅದೇ 1807ರಲ್ಲಿ. ನಾವು ಮತ್ತೆ ಕನ್ನಡನಾಡಿಗೆ ಸೇರಲು 1956 ಬರಬೇಕಾಯಿತು. ಒಂದು ಬಸ್ ಚಾರ್ಜಿನ ದೂರದ ಎರಡು ಊರುಗಳ ನಡುವೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಗಡಿ ಇತ್ತು ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಿದ್ದರು.

ಸಿನಿಮಾದ ವೈದ್ಯನಿಗೆ ನಿರ್ದೇಶಕರು ತುಸು ಪಕ್ಷಪಾತ ಮಾಡಿದ್ದಾರೆ. ಅವನ ಕುತೂಹಲ ಒಂದು ಕಡೆ, ಕ್ಯಾಪ್ಟನ್ನನ ಯುದ್ಧ ಇನ್ನೊಂದು ಕಡೆ. ಎರಡಕ್ಕೂ ಘರ್ಷಣೆ, ಸಂಜೆಯಾದರೆ ಇಬ್ಬರೂ ಪಿಟೀಲು, ಚೆಲ್ಲೊ ಹಿಡಿದು ರಾಜಿ. ನಿಜವಾದ ಡಾಕ್ಟರಿಗೆ ಪಂಜರ ಬಿಟ್ಟು ಓಡುವ ಪ್ರಸಂಗವೇ ಬರಲಿಲ್ಲ. ಅವನ ಕುತೂಹಲಕ್ಕೆ ಸಂಬಳ ಕೊಟ್ಟದ್ದೇ ಕಂಪನಿ, ಗಿಡದ ಹೆಸರೂ ಕಂದಾಯದ ಲೆಕ್ಕವೂ ಸೇರಿದ್ದು ಒಂದೇ ದಿನಚರಿಗೆ. ಹಾಗೆಂದು ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಕಾಲದ ಹನೂರು, ಕೌದಳ್ಳಿಗಳನ್ನು ಅಷ್ಟು ತಾಳ್ಮೆಯಿಂದ ಕೇಳಿ ಬರೆದಿಟ್ಟ ಇನ್ನೊಬ್ಬನನ್ನು ನಾನು ಓದಿಲ್ಲ.

ಆ ಪುಸ್ತಕ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೂರೂ ಸಂಪುಟ ಓದಿ ಎಂದು ಹೇಳುವ ಧೈರ್ಯ ನನಗಿಲ್ಲ. ಸತ್ತೇಗಾಲದಿಂದ ಕಾವೇರಿಪುರದವರೆಗಿನ ಪುಟಗಳನ್ನಾದರೂ ಓದಿ, ಆಮೇಲೆ ಸಿನಿಮಾ ಹಾಕಿಕೊಳ್ಳಿ. ಟಿವಿ ಗೂಡು ಮಾತ್ರ ಭದ್ರವಾಗಿರಲಿ.