ಎಂಜಿನ್ ನಿಲ್ಲಿಸೆನ್ನುವ ಮುನ್ನ

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಹಳ್ಳಿಯ ಹಾದಿಬದಿಯಲ್ಲಿ ಅರವಟ್ಟಿಗೆ ಏಳುತ್ತಿತ್ತು. ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ಕೂರಿಸಿದ ಎರಡು ಮಣ್ಣಿನ ಗಡಿಗೆ, ಒಂದು ಹಿತ್ತಾಳೆಯ ತಂಬಿಗೆ; ಅಷ್ಟೇ ಅದರ ವೈಭವ. ಗಾಡಿ ಹೊಡೆದುಕೊಂಡು ಬಂದವನು ಎತ್ತುಗಳ ಕೊರಳು ಬಿಚ್ಚಿ ನೆರಳಿಗೆ ಕಟ್ಟಿ, ತಾನೂ ನೀರು ಮಜ್ಜಿಗೆ ಕುಡಿದು, ಬಿಸಿಲಿನ ತಾಪ ಇಳಿದ ಮೇಲೆ ಹೊರಡುತ್ತಿದ್ದ. ಅವನ ಊರು ಯಾವುದು, ಕುಲ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿ ಮೂವತ್ತು ವರ್ಷ ಕಳೆದ ಮೇಲೆ ಈ ನೆನಪು ನಮ್ಮನ್ನು ನಾಚಿಸುವಂತೆ ಮರಳಿ ಬಂದ ಒಂದು ಮಧ್ಯಾಹ್ನವುಂಟು. ಅದನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆನಿಸಿದೆ.

ಅಂದು 2024ರ ಏಪ್ರಿಲ್ 27, ಶನಿವಾರ. ಹಿಂದಿನ ದಿನವಷ್ಟೇ ನಗರದಲ್ಲಿ ಲೋಕಸಭೆಯ ಮತದಾನ ಮುಗಿದಿತ್ತು. ಜೆ.ಪಿ. ನಗರದಲ್ಲಿರುವ ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಬೆಳಗಾಗುವ ಮೊದಲೇ ಸಿಮೆಂಟ್ ಇಟ್ಟಿಗೆ ಹೊತ್ತ ಲಾರಿಯೊಂದು ಬಂದು ನಿಂತಿತು. ಮತ ಹಾಕಲು ಊರಿಗೆ ಹೋಗಿದ್ದ ಆಳುಗಳು ಇನ್ನೂ ಮರಳಿರಲಿಲ್ಲ. ಇಳಿಸುವವರಿಲ್ಲ, ಇಳಿಸದೆ ಹಿಂದಿರುಗುವಂತಿಲ್ಲ. ಲಾರಿ ನಮ್ಮ ಕಿಟಕಿಯ ಕೆಳಗೇ ಉಳಿಯಿತು. ಹನ್ನೊಂದರ ಹೊತ್ತಿಗೆ ಚಾಲಕ ಎಂಜಿನ್ ಚಾಲೂ ಮಾಡಿದವನು ನಿಲ್ಲಿಸಲೇ ಇಲ್ಲ. ಹೊಗೆ ನಡುಮನೆಯವರೆಗೂ ಬಂತು. ರಜೆಗೆ ಬಂದಿದ್ದ ಮೊಮ್ಮಗನಿಗೆ ಮೊದಲೇ ಉಬ್ಬಸದ ತೊಂದರೆ. ಮಗು ಕೆಮ್ಮತೊಡಗಿದಾಗ ನಾವು ಸಹನೆ ಕಳೆದುಕೊಂಡು ಹೊರಗೆ ಹೋದೆವು.

“ಏನಯ್ಯಾ, ನಿಂತ ಗಾಡಿಗೆ ಎಂಜಿನ್ ಯಾಕೆ? ನಿಲ್ಲಿಸು” ಎಂದೆವು.

“ಫ್ಯಾನ್ ಹಾಕ್ಕೊಂಡಿದೀನಿ ಸ್ವಾಮಿ. ಬ್ಯಾಟರಿ ವೀಕು. ಎಂಜಿನ್ ಆಫ್ ಮಾಡಿದ್ರೆ ಆಮೇಲೆ ಸ್ಟಾರ್ಟ್ ಆಗಾಕಿಲ್ಲ” ಎಂದ.

“ನಿನ್ನ ಬ್ಯಾಟರಿಗೋಸ್ಕರ ನಮ್ಮ ಮಗು ಹೊಗೆ ಕುಡಿಯಬೇಕೋ? ಪೊಲೀಸರಿಗೆ ಹೇಳಬೇಕಾಗುತ್ತದೆ” ಎಂದು ಗದರಿದೆವು. ಅವನು ಮರುಮಾತಾಡದೆ ನಿಲ್ಲಿಸಿದ. ನಾವು ಗೆದ್ದ ಸಮಾಧಾನದಿಂದ ಒಳಗೆ ಬಂದು, ಫ್ಯಾನಿನ ಕೆಳಗೆ ಕುಳಿತು, ವೃತ್ತಪತ್ರಿಕೆ ಬಿಡಿಸಿದೆವು.

ಎರಡೂವರೆ ಗಂಟೆಯ ಸುಮಾರಿಗೆ, ಒಣಹಾಕಿದ್ದ ಸಂಡಿಗೆ ನೋಡಲು ಮಹಡಿಗೆ ಹೋದ ನಮ್ಮ ಮನೆಯವರು ಅಲ್ಲಿಂದಲೇ ಕೂಗಿದರು: “ರೀ, ಆ ಲಾರಿಯವನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿದ್ದಿದಾನೆ. ಬೇಗ ನೋಡಿ!” ಓಡಿಹೋಗಿ ಬಾಗಿಲು ತೆಗೆದರೆ ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕಾಲಿನ ಮಾಂಸಖಂಡಗಳು ಹಿಡಿದುಕೊಂಡಿದ್ದವು. ವಾಕರಿಕೆ ಬರುತ್ತಿತ್ತು. ಪುಣ್ಯಕ್ಕೆ ಎಚ್ಚರವಿತ್ತು, ಮಾತು ಸರಿಯಾಗಿತ್ತು. ಇಬ್ಬರು ಹಿಡಿದು ಇಳಿಸಿ ಮನೆಯ ಜಗಲಿಯ ಮೇಲೆ ಮಲಗಿಸಿದೆವು. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಗಾಳಿ ಬೀಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ನೆರೆಮನೆಯ ವೈದ್ಯರು ಬಂದು ಪರೀಕ್ಷಿಸಿ, “ಇನ್ನೊಂದು ಗಂಟೆ ಹಾಗೇ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು” ಎಂದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಚೇತರಿಸಿಕೊಂಡ ಮೇಲೆ, ಇಳಿದು ನೆರಳಿಗೆ ಬರಬಾರದಿತ್ತೇ ಎಂದು ಕೇಳಿದೆವು. “ಎಲ್ಲಿ ಕೂತ್ಕಳ್ಳಲಿ ಸ್ವಾಮಿ? ಬೆಳಿಗ್ಗೆ ಆ ಹೊಂಗೆಮರದ ಅಡಿ ಕೂತಿದ್ದೆ, ಗೇಟಿನ ಹತ್ರ ಕೂರಬೇಡ, ಏಳು ಅಂದ್ರು. ಗಾಡಿ ಬಿಟ್ಟು ದೂರ ಹೋದ್ರೆ ಡೀಸೆಲ್ ಎಳೀತಾರೆ. ಕಳೆದದ್ದನ್ನ ನಾನೇ ಕಟ್ಟಿಕೊಡಬೇಕು” ಎಂದ. ಅವನು ಕೈ ತೋರಿದ್ದು ನಮ್ಮ ಗೇಟಿನ ಕಡೆಗೇ. ಎಬ್ಬಿಸಿದವರು ಯಾರೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಮರುದಿನ, ಏಪ್ರಿಲ್ 28ರಂದು, ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. 2016ರ ಏಪ್ರಿಲ್ 24ರಂದು ದಾಖಲಾದ 39.2 ಡಿಗ್ರಿ ಅದಕ್ಕಿಂತ ಮೇಲಿನದು. ಇದು ನೆರಳಿನಲ್ಲಿಟ್ಟ ಮಾಪಕದ ಲೆಕ್ಕ. ಬಿಸಿಲಿನಲ್ಲಿ ನಿಂತ ಲಾರಿಯ ಕ್ಯಾಬಿನ್ನಿನ ಕಥೆಯೇ ಬೇರೆ. ತಲೆಯ ಮೇಲೆ ಕಾದ ತಗಡು, ಎದುರಿಗೆ ಅಗಲವಾದ ಗಾಜು. ನಮ್ಮಲ್ಲಿ ಓಡುವ ಬಹುಪಾಲು ಲಾರಿಗಳಲ್ಲಿ ಎಂಜಿನ್ ಇರುವುದೂ ಚಾಲಕನ ಪೀಠದ ಅಡಿಯಲ್ಲೇ. ಎಂಜಿನ್ ನಿಲ್ಲಿಸಿದರೂ ಅದರ ಕಾವು ಬಹಳ ಹೊತ್ತು ಮೇಲೇರುತ್ತಿರುತ್ತದೆ. ಮನುಷ್ಯನ ಮೈ ಬೆವರಿ ತಣಿಯಬೇಕು. ಗಾಳಿಯಾಡದ ಪೆಟ್ಟಿಗೆಯೊಳಗೆ ಬೆವರೂ ಕೈಕೊಡುತ್ತದೆ.

ಹಾಗಾದರೆ ಹೊಗೆಯ ಬಗ್ಗೆ ನಾವು ದೂರಿದ್ದು ತಪ್ಪೇ? ತಪ್ಪಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ಸಾರಿದೆ. ನಿಂತ ವಾಹನದ ಎಂಜಿನ್ ಸುಮ್ಮನೆ ಓಡಿಸುವುದನ್ನು ತಡೆಯಲು ಹೊರದೇಶಗಳಲ್ಲಿ ಕಾನೂನುಗಳಿವೆ. ನ್ಯೂಯಾರ್ಕ್ ನಗರದಲ್ಲಿ 3 ನಿಮಿಷ, ಶಾಲೆಗಳ ಬಳಿ 1 ನಿಮಿಷ. ಕ್ಯಾಲಿಫೋರ್ನಿಯದಲ್ಲಿ ಭಾರಿ ಡೀಸೆಲ್ ವಾಹನಗಳಿಗೆ 5 ನಿಮಿಷ. ದೆಹಲಿಯಲ್ಲಿ 2020ರಲ್ಲಿ, ಕೆಂಪು ದೀಪ ಬಿದ್ದೊಡನೆ ಎಂಜಿನ್ ಆರಿಸಿರೆಂಬ ಆಂದೋಲನ ನಡೆಯಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು, ಚಾಲಕನ ಪೀಠದಲ್ಲಿ ಪರವಾನಗಿಯುಳ್ಳವರು ಇಲ್ಲದಿದ್ದರೆ ಯಂತ್ರ ನಿಲ್ಲಿಸಿ ಬ್ರೇಕ್ ಹಾಕಿರಬೇಕೆನ್ನುತ್ತದೆ. ಅದು ವಾಹನ ತಾನಾಗಿ ಚಲಿಸದಿರಲೆಂಬ ಎಚ್ಚರಿಕೆಯೇ ಹೊರತು ಹೊಗೆಯ ಮಾತಲ್ಲ.

ಹೊರದೇಶದ ಕಾನೂನುಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಅಮೆರಿಕದ ಕೆಲವು ರಾಜ್ಯಗಳು ವಿಪರೀತ ಚಳಿ ಅಥವಾ ಸೆಕೆಯ ಹೊತ್ತಿನಲ್ಲಿ ಈ ನಿಯಮವನ್ನು ಸಡಿಲಿಸಿವೆ. ಅಲ್ಲಿ ಮುಖ್ಯ ಎಂಜಿನ್ ಆರಿಸಿದರೂ ಕ್ಯಾಬಿನ್ ತಂಪಾಗಿಡುವ ಬ್ಯಾಟರಿ ಯಂತ್ರಗಳುಂಟು. ಕೆಲವು ನಿಲುಗಡೆಗಳಲ್ಲಿ ವಿದ್ಯುತ್ ಸಂಪರ್ಕವೂ ಸಿಗುತ್ತದೆ. ‘ನಿಲ್ಲಿಸು’ ಎನ್ನುವ ಬಾಯಿಯೇ ‘ಇಲ್ಲಿ ತಂಪಾಗಿ ಕೂಡು’ ಎಂದೂ ಹೇಳಿದರೆ ಮಾತ್ರ ಆ ಆಜ್ಞೆಗೆ ಧರ್ಮದ ಬಲ ಬರುತ್ತದೆ.

ನಮ್ಮ ದೇಶದಲ್ಲಿಯೂ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ 2025ರಿಂದ ಹವಾನಿಯಂತ್ರಣ ಕಡ್ಡಾಯವಾಗಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿರ್ಧರಿಸಿತು. ಸಂತೋಷದ ಸಂಗತಿ. ಆದರೆ ಆ ತಂಪು ಸಾಮಾನ್ಯವಾಗಿ ಎಂಜಿನ್ ಓಡಿದರಷ್ಟೇ ಬರುವಂಥದ್ದು. ಹಳೆಯ ಲಾರಿಗಳಂತೂ ಇನ್ನೂ ಎಷ್ಟೋ ವರ್ಷ ರಸ್ತೆಯಲ್ಲಿರುತ್ತವೆ. ಜಯನಗರದ ಹಳೆಯ ಮನೆಗಳು ಕೆಡವಲ್ಪಟ್ಟು ಮಹಡಿಗಳೇಳುತ್ತಿವೆ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಮರಳು, ಜಲ್ಲಿ, ಕಬ್ಬಿಣದ ಲಾರಿಗಳು ಕಾಯುತ್ತಲೇ ಇರುತ್ತವೆ. ದಟ್ಟಣೆಯ ವೇಳೆ ಭಾರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಕಾಯುವುದು ಅವರಿಗೆ ಅನಿವಾರ್ಯ. ಸತತ ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ವಿರಾಮವಿರಬೇಕೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹೇಳಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಸ್ಥಾನಕ್ಕೆ ಬಂದಿದೆ. ಕಾಯಿದೆ ಯಾವುದಾದರೇನು, ವಿರಾಮಕ್ಕೊಂದು ಜಾಗ ಬೇಡವೇ? ಯಶವಂತಪುರದಲ್ಲಿ ದೇವರಾಜ ಅರಸು ಅವರ ಹೆಸರಿನ ಸರ್ಕಾರಿ ಸಂಸ್ಥೆಯ ಲಾರಿ ನಿಲ್ದಾಣವಿದೆ. ನಗರದ ಆ ತುದಿಯ ನಿಲ್ದಾಣದಿಂದ ನಮ್ಮ ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಏನು ನೆರವಾದೀತು?

ಆದಕಾರಣ ಕಾನೂನು ಬರುವವರೆಗೆ ಕಾಯದೆ, ಕುಟುಂಬಗಳವರು ಮಾಡಬಹುದಾದ ಕೆಲವು ಸಣ್ಣ ಕೆಲಸಗಳನ್ನು ಬಿನ್ನವಿಸುತ್ತೇವೆ. ಮನೆ ಕಟ್ಟಿಸುವವರು, ಇಳಿಸುವ ಆಳುಗಳು ಬರುವುದು ಖಚಿತವಾದ ಮೇಲೆಯೇ ಲಾರಿ ತರಿಸಬೇಕು. ಚಾಲಕನಿಗೆ ತನ್ನ ಗಾಡಿ ಕಾಣುವಂಥ ಕಡೆ ನೆರಳಿನ ಜಾಗ, ಕುಡಿಯುವ ನೀರು, ಶೌಚಕ್ಕೆ ಅನುಕೂಲ ಒದಗಿಸಬೇಕು. ಆಮೇಲೆ ಎಂಜಿನ್ ನಿಲ್ಲಿಸಪ್ಪಾ ಎಂದರೆ ಬೇಡವೆನ್ನುವವರು ವಿರಳ. ಬಿಸಿಲಿಗೆ ತಲೆಸುತ್ತು, ವಾಕರಿಕೆ, ಕಾಲುಸೆಳೆತ ಬಂದವರನ್ನು ನೆರಳಿಗೆ ತಂದು, ಮೈ ತಣಿಸಿ, ಉಪ್ಪು ಸಕ್ಕರೆಯ ನೀರು ಕೊಡಬೇಕು. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಸುರಿಯುತ್ತ ಕೂಡಲೇ 108ಕ್ಕೆ ಕರೆ ಮಾಡಬೇಕು.

ಅಂದು ಸಂಜೆ ಆಳುಗಳು ಬಂದು ಇಟ್ಟಿಗೆ ಇಳಿಸಿದರು. ಚಾಲಕ ನಮ್ಮ ಜಗಲಿಯಲ್ಲೇ ಊಟ ಮಾಡಿದ. ಹೊರಡುವ ಹೊತ್ತಿಗೆ ಕೀಲಿ ತಿರುಗಿಸಿದರೆ, ಅವನು ಹೇಳಿದ್ದಂತೆಯೇ, ಎಂಜಿನ್ ಏಳಲಿಲ್ಲ. ಬೆಳಿಗ್ಗೆ ಅವನು ಆಡಿದ್ದು ನೆವವಲ್ಲ, ನಿಜ. ಮೆಕ್ಯಾನಿಕ್ ಬೇರೆ ಬ್ಯಾಟರಿ ತಂದು ಜೋಡಿಸುವಾಗ ರಾತ್ರಿ ಹತ್ತಾಗಿತ್ತು. ಅಷ್ಟು ಹೊತ್ತೂ ನಾವು ಅವನೊಡನೆ ರಸ್ತೆಯಲ್ಲಿ ನಿಂತಿದ್ದೆವು. ಆ ಖರ್ಚನ್ನು ನಾವು ಕೊಡಹೋದರೆ ಅವನು ಸುಲಭಕ್ಕೆ ಒಪ್ಪಲಿಲ್ಲ. “ಮಗು ಹೆಂಗೈತೆ ಸ್ವಾಮಿ?” ಎಂದಷ್ಟೇ ಕೇಳಿದ.

ಅಂದಿನಿಂದ ಬೇಸಿಗೆ ಬಂದೊಡನೆ ನಮ್ಮ ಗೇಟಿನ ಹೊರಗೆ, ಆ ಹೊಂಗೆಮರದ ಅಡಿಯಲ್ಲಿ, ಒಂದು ಕಲ್ಲುಬೆಂಚೂ ಮುಚ್ಚಿಟ್ಟ ನೀರಿನ ಗಡಿಗೆಯೂ ಇರುತ್ತವೆ. ಗಡಿಗೆ ತುಂಬಿಸುವ ಕೆಲಸ ಮೊಮ್ಮಗನದು.