ಒಳಗಿನಿಂದ ಹಾಕಿಕೊಂಡ ಬೇಲಿ

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಈಮ್ ಅನ್ನುವ ಒಂದು ಹಳ್ಳಿ ಇದೆ. ಅಲ್ಲಿಂದ ಪಕ್ಕದ ಸ್ಟೋನಿ ಮಿಡಲ್‌ಟನ್ ಊರಿಗೆ ಹೋಗುವ ಕಾಲುದಾರಿಯಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಸಣ್ಣ ಸಣ್ಣ ಗುಳಿಗಳು. ನಮ್ಮ ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಅಳಗುಳಿ ಆಡಲು ಕೊರೆದಿರುತ್ತಾರಲ್ಲ, ಹಾಗೆ.

ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈಮ್ ಊರಿನವರು ಆ ಗುಳಿಗಳಿಗೆ ವಿನೆಗರ್ ತುಂಬಿ, ಅದರೊಳಗೆ ದುಡ್ಡು ಹಾಕಿ ಹಿಂದಕ್ಕೆ ಹೋಗುತ್ತಿದ್ದರು. ಹುಳಿಯಲ್ಲಿ ನೆಂದರೆ ದುಡ್ಡಿಗೆ ಅಂಟಿದ ರೋಗ ಹೋಗುತ್ತದೆ ಅನ್ನುವುದು ಅವರ ನಂಬಿಕೆ. ಆಚೆ ಊರಿನವರು ಬಂದು ದವಸ ಇಟ್ಟು, ದುಡ್ಡು ಎತ್ತಿಕೊಂಡು ಹೋಗುತ್ತಿದ್ದರು. ಕೊಟ್ಟವರ ಮುಖ ಪಡೆದವರು ನೋಡುತ್ತಿರಲಿಲ್ಲ.

ಆ ಊರಿನ ಕಥೆ, ಅದರ ಮೇಲೆ ಬಂದ ಒಂದು ಕಾದಂಬರಿ, ಮತ್ತು ಅದನ್ನು ಓದುವಾಗ ನಮ್ಮ ತಲೆಯಲ್ಲಿ ಎದ್ದ ನಮ್ಮದೇ ಊರುಗಳ ನೆನಪು. ಇವತ್ತು ಬರೆಯುತ್ತಿರುವುದು ಇಷ್ಟೇ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಜನರನ್ನು ಬಳಿದುಕೊಂಡು ಹೋಗುತ್ತಿತ್ತು. ಈಮ್ ಊರಿನ ದರ್ಜಿಯೊಬ್ಬನ ಮನೆಗೆ ಅಲ್ಲಿಂದ ಬಟ್ಟೆಯ ಗಂಟು ಬಂತು. ಬಟ್ಟೆ ತೇವವಾಗಿತ್ತು. ಕೆಲಸದ ಆಳು ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಹಾಕಿದ. ಬಟ್ಟೆಯ ಜೊತೆ ಚಿಗಟವೂ ಬಂದಿತ್ತು ಅಂತ ಈಗ ಹೇಳುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ಸತ್ತ. ಆಮೇಲೆ ಆ ಮನೆ, ಪಕ್ಕದ ಮನೆ, ಅದರ ಪಕ್ಕದ ಮನೆ.

ಚಳಿಗಾಲದಲ್ಲಿ ರೋಗ ಸ್ವಲ್ಪ ತಣ್ಣಗಾಯಿತು. 1666ರ ಬೇಸಿಗೆಗೆ ಮತ್ತೆ ಹೊತ್ತಿಕೊಂಡಿತು. ಆಗ ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಮೊದಲು ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಒಟ್ಟಿಗೆ ಕೂತರು. ಇಬ್ಬರದ್ದೂ ಬೇರೆ ಬೇರೆ ಪಂಥ. ಆದರೂ ಸೇರಿ ಊರಿನ ಮುಂದೆ ಮೂರು ಮಾತು ಇಟ್ಟರು. ಒಂದು, ಸತ್ತವರನ್ನು ಅವರವರ ಮನೆಯವರೇ ಅವರವರ ಹಿತ್ತಿಲಲ್ಲಿ, ಹೊಲದಲ್ಲಿ ಹೂಳಬೇಕು. ಎರಡು, ಚರ್ಚಿಗೆ ಬೀಗ. ಪ್ರಾರ್ಥನೆ ಬಯಲಿನಲ್ಲಿ, ದೂರ ದೂರ ನಿಂತು. ಮೂರು, ರೋಗ ಮುಗಿಯುವವರೆಗೆ ಊರಿನವರು ಯಾರೂ ಗಡಿ ದಾಟಬಾರದು.

ಮೂರನೆಯದನ್ನು ಒಪ್ಪಿಕೊಳ್ಳುವುದು ಅಂದರೆ ಏನು ಅಂತ ಯೋಚನೆ ಮಾಡಿ. ಓಡಿಹೋದರೆ ನಾವು ಬದುಕಬಹುದು, ಆದರೆ ರೋಗ ನಮ್ಮ ಜೊತೆ ಮುಂದಿನ ಊರಿಗೆ ಹೋಗುತ್ತದೆ. ಇಲ್ಲೇ ಇದ್ದರೆ ಮುಂದಿನ ಊರು ಉಳಿಯುತ್ತದೆ, ನಾವು ಉಳಿಯುತ್ತೇವೋ ಇಲ್ಲವೋ ಗೊತ್ತಿಲ್ಲ. ಜನ ಇಲ್ಲೇ ಇರುತ್ತೇವೆ ಅಂದರು. ಹತ್ತಿರದ ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಆಹಾರ ಕಳಿಸಿದ.

ಆ ಆಗಸ್ಟ್ ತಿಂಗಳಲ್ಲಿ ಎಲಿಜಬೆತ್ ಹ್ಯಾನ್ಕಾಕ್ ಅನ್ನುವ ಹೆಂಗಸು ಎಂಟು ದಿನದಲ್ಲಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಆ ಸಮಾಧಿಗಳು ಇವತ್ತಿಗೂ ಹೊಲದ ನಡುವೆ ಒಂದು ಸಣ್ಣ ಕಲ್ಲಿನ ಗೋಡೆಯ ಒಳಗೆ ಇವೆ. ಪಾದ್ರಿಯ ಹೆಂಡತಿ ಕ್ಯಾಥರೀನ್ ಕೂಡ ಅದೇ ತಿಂಗಳು ಹೋದಳು. ನವೆಂಬರ್ ಹೊತ್ತಿಗೆ ರೋಗ ನಿಂತಿತು. ಆ ಹದಿನಾಲ್ಕು ತಿಂಗಳಲ್ಲಿ ಸತ್ತವರು ಸುಮಾರು 260 ಜನ.

ಈ ಕಥೆ ನಮಗೆ ಸಿಕ್ಕಿದ್ದು ‘ಇಯರ್ ಆಫ್ ವಂಡರ್ಸ್’ ಅನ್ನುವ ಇಂಗ್ಲಿಷ್ ಕಾದಂಬರಿಯಿಂದ. ಜೆರಾಲ್ಡಿನ್ ಬ್ರೂಕ್ಸ್ ಬರೆದದ್ದು, 2001ರಲ್ಲಿ ಬಂದದ್ದು. ನಮ್ಮಲ್ಲಿ ಒಬ್ಬಳು ದಿನಾ ಒಂದಿಷ್ಟು ಓದಿ, ರಾತ್ರಿ ಕನ್ನಡದಲ್ಲಿ ಕಥೆ ಹೇಳಿ ವಾಟ್ಸಾಪ್ ಗುಂಪಿಗೆ ಧ್ವನಿ ಕಳಿಸುತ್ತಿದ್ದಳು. ನಾವು ಹೊಲಕ್ಕೆ ನೀರು ಬಿಡುತ್ತಾ, ಬಸ್ಸಿಗೆ ಕಾಯುತ್ತಾ ಕೇಳಿಸಿಕೊಂಡೆವು. ಹಾಗಾಗಿ ನಮಗೆ ಇದು ಓದಿದ ಪುಸ್ತಕಕ್ಕಿಂತ ಕೇಳಿದ ಕಥೆ.

ಬ್ರೂಕ್ಸ್ ಕಾದಂಬರಿಗೆ ಬರುವ ಮೊದಲು ವರದಿಗಾರ್ತಿ. ಯುದ್ಧ ನಡೆಯುವ ದೇಶಗಳಿಗೆ ಹೋಗಿ ಸುದ್ದಿ ಕಳಿಸುತ್ತಿದ್ದವರು. ಪತ್ರಿಕೋದ್ಯಮ ಓದಿದ ನಮಗೆ ಅವರ ಒಂದು ಕೆಲಸ ಬಹಳ ಹಿಡಿಸಿತು. ಪಾದ್ರಿ ಮಾಂಪೆಸನ್ ಬರೆದ ಪತ್ರಗಳು ಉಳಿದಿವೆ. ಒಂದು ಪತ್ರದಲ್ಲಿ ಅವನು ತನ್ನ ಮನೆಕೆಲಸದವಳಿಗೆ ರೋಗ ಬರಲಿಲ್ಲ, ಅದೇ ದೊಡ್ಡ ಪುಣ್ಯ ಅನ್ನುವ ಅರ್ಥದ ಒಂದು ಮಾತು ಬರೆದಿದ್ದಾನೆ. ಅವಳ ಹೆಸರನ್ನು ಬರೆದಿಲ್ಲ. ಬ್ರೂಕ್ಸ್ ಇಡೀ ಕಾದಂಬರಿಯನ್ನು ಆ ಹೆಸರಿಲ್ಲದ ಕೆಲಸದವಳ ಬಾಯಿಂದ ಹೇಳಿಸಿದರು.

ಕಾದಂಬರಿಯಲ್ಲಿ ಅವಳ ಹೆಸರು ಅನ್ನಾ ಫ್ರಿತ್. ಚಿಕ್ಕ ವಯಸ್ಸಿನ ವಿಧವೆ. ಗಂಡ ಸೀಸದ ಗಣಿಯಲ್ಲಿ ಸತ್ತಿದ್ದಾನೆ. ಅವಳ ಮನೆಯಲ್ಲಿ ಬಾಡಿಗೆಗೆ ಇದ್ದ ದರ್ಜಿಯೇ ಮೊದಲು ಸಾಯುವವನು. ಆಮೇಲೆ ಅವಳ ಇಬ್ಬರು ಗಂಡುಮಕ್ಕಳು. ಅಷ್ಟಾದರೂ ಅವಳು ಕೈಕಟ್ಟಿ ಕೂರುವುದಿಲ್ಲ. ಹೆರಿಗೆ ಮಾಡಿಸುತ್ತಾಳೆ, ಸೊಪ್ಪು ಬೇರು ಅರೆದು ಔಷಧಿ ಮಾಡುತ್ತಾಳೆ. ಅನಾಥ ಹುಡುಗಿಯೊಬ್ಬಳ ಪಾಲಿನ ಗಣಿ ಬೇರೆಯವರ ಪಾಲಾಗುವುದನ್ನು ತಪ್ಪಿಸಲು, ಗಣಿಗೆ ಇಳಿದು ಸೀಸದ ಅದಿರು ತೆಗೆಯುತ್ತಾಳೆ. ಬೇಸಾಯ ಬಿದ್ದಿದ್ದರೆ ಪಕ್ಕದವನು ಬದು ಒತ್ತುತ್ತಾನಲ್ಲ, ಅಲ್ಲೂ ಅದೇ ಕಥೆ. ಗಣಿ ಇಷ್ಟು ದಿನ ಕೆಲಸ ನಿಂತಿದ್ದರೆ ಇನ್ನೊಬ್ಬ ಬಂದು ನನ್ನದು ಅನ್ನಬಹುದಿತ್ತು.

ಈ ಕಾದಂಬರಿ ಊರನ್ನು ದೇವರ ಊರು ಮಾಡಿ ತೋರಿಸುವುದಿಲ್ಲ. ಬೇಲಿ ಹಾಕಿಕೊಳ್ಳೋಣ ಅಂದಾಗ ಊರಿನ ದೊಡ್ಡ ಮನೆಯವರು ಗಾಡಿ ಕಟ್ಟಿಕೊಂಡು ಹೊರಟೇಬಿಡುತ್ತಾರೆ. ಸೊಪ್ಪಿನ ಔಷಧಿ ಕೊಡುತ್ತಿದ್ದ ಇಬ್ಬರು ಹೆಂಗಸರನ್ನು ಮಾಟಗಾತಿಯರು ಅಂತ ಜನರೇ ಕೊಲ್ಲುತ್ತಾರೆ. ಗುಂಡಿ ತೋಡುವ ಕೆಲಸ ಹಿಡಿದವನು ಸತ್ತವರ ಮನೆಯ ಸಾಮಾನು ಬಾಚುತ್ತಾನೆ. ಇನ್ನೊಬ್ಬಳು ತಾಯತ ಮಾರಿ ದುಡ್ಡು ಮಾಡುತ್ತಾಳೆ. ಕೇಳುತ್ತಾ ಕೇಳುತ್ತಾ ನಮಗೆ ಇವರೆಲ್ಲ ಗೊತ್ತಿರುವ ಜನ ಅನ್ನಿಸಿತು. ನಿಮಗೂ ಅನ್ನಿಸಬಹುದು.

ಪ್ಲೇಗು ನಮಗೂ ದೂರದ ಸುದ್ದಿಯಲ್ಲ. 1896ರಲ್ಲಿ ಮುಂಬೈಗೆ ಬಂತು, 1898ರಲ್ಲಿ ಬೆಂಗಳೂರಿಗೆ. ರೈಲಿನ ದಾರಿ ಹಿಡಿದು ಊರೂರಿಗೆ ನುಗ್ಗಿತು. ಅದನ್ನು ತಡೆಯಲು ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ತಪಾಸಣೆ ಮಾಡಿದ ಸಿಟ್ಟಿಗೆ, ಅಲ್ಲಿನ ಪ್ಲೇಗ್ ಅಧಿಕಾರಿ ರಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಎದ್ದವು. ಕೆಲವು ಕಡೆ ಇವತ್ತಿಗೂ ಪೂಜೆ ನಡೆಯುತ್ತದೆ.

ಹಳ್ಳಿಗಳಲ್ಲಿ ಏನು ನಡೆಯಿತು ಅಂತ ತಿಳಿಯಲು ನಾವು ನಮ್ಮಲ್ಲೊಬ್ಬಳ ಅಜ್ಜಿಯನ್ನು ಕೇಳಿದೆವು. ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗಲೂ ರೋಗ ಬಂದು ಬಂದು ಹೋಗುತ್ತಿತ್ತಂತೆ.

“ಇಲಿ ಬಿತ್ತು ಅಂದ್ರೆ ಊರೇ ಎದ್ದೋಯ್ತಿತ್ತು ಕಣವ್ವ. ಹೊಲ್ದಾಗೆ ಗುಡ್ಲು ಹಾಕ್ಕೊಂಡು ಇರೋದು. ದನ ಕರ, ಕೋಳಿ, ಮಡಕೆ ಕುಡಿಕೆ ಎಲ್ಲಾ ಅಲ್ಲೇ. ನಮ್ಗೆ ಹುಡುಗ್ರಿಗೆ ಜಾತ್ರೆ ಇದ್ದಂಗಿತ್ತು. ದೊಡ್ಡೋರು ಮಾತ್ರ ಮಾತೇ ಆಡ್ತಿರ್ನಿಲ್ಲ.”

“ಕೇರಿಯೋರ ಗುಡ್ಲು ಎಲ್ಲಿರ್ತಿತ್ತಜ್ಜಿ?”

“ಅವ್ರುದು ಇನ್ನೂ ಆಚ್ಗೆ. ಅವ್ರು ಯಾವಾಗ್ಲೂ ಆಚ್ಗೇ ಅಲ್ವಾ.”

ಅಜ್ಜಿ ಅದನ್ನು ಮಾಮೂಲಿ ಮಾತಿನಂತೆ ಹೇಳಿ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿತು. ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಸಾವಿಗೆ ಹೆದರಿ ಇಡೀ ಊರು ಮನೆ ಬಿಟ್ಟಾಗಲೂ ಒಂದು ಬೇಲಿಯನ್ನು ಮಾತ್ರ ಕಿತ್ತು ಜೊತೆಗೇ ತೆಗೆದುಕೊಂಡು ಹೋಗಿತ್ತು.

ಆದರೆ ಅಜ್ಜಿಯ ಮಾತಿನಲ್ಲಿ ಇನ್ನೊಂದು ಸಂಗತಿ ಇದೆ. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯರಿಗೆ ಬರುತ್ತದೆ ಅಂತ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅವನ ಮಾತನ್ನು ಪಂಡಿತರು ಒಪ್ಪಲು ಇನ್ನೂ ವರ್ಷಗಳು ಬೇಕಾದವು. ನಮ್ಮ ಹಳ್ಳಿಯವರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಆದರೆ ಇಲಿ ಬಿದ್ದ ಮನೆಯಲ್ಲಿ ಇರಬಾರದು ಅನ್ನುವುದು ಗೊತ್ತಿತ್ತು. ಇಲಿ ಸತ್ತಾಗ ಅದರ ಮೈ ತಣ್ಣಗಾಗುತ್ತದೆ, ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯರು ಇರದಿದ್ದರೆ ಅಷ್ಟು ಒಳ್ಳೆಯದು.

ಈಮ್ ಊರಿನವರು ರೋಗ ಇದ್ದ ಊರೊಳಗೇ ಉಳಿದರು. ಅಲ್ಲಿ ರೋಗ ಇಲಿ ಚಿಗಟದಿಂದ ಮಾತ್ರ ಅಲ್ಲ, ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೇ ಹರಡಿರಬೇಕು ಅಂತ 2016ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಯಾವ ಲೆಕ್ಕ ಹಿಡಿದರೂ, ಸುತ್ತಲಿನ ಊರುಗಳನ್ನು ಕಾಪಾಡಲು ಅವರು ತೆತ್ತ ಬೆಲೆ ದೊಡ್ಡದು.

ಕನ್ನಡದಲ್ಲೂ ಪ್ಲೇಗಿನ ಊರಿನ ಕಾದಂಬರಿ ಇದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, 1965ರಲ್ಲಿ ಬಂದದ್ದು. ನಿಮ್ಮಲ್ಲಿ ಹಲವರು ಓದಿರಬಹುದು, ಇಲ್ಲವೇ ಸಿನಿಮಾ ನೋಡಿರಬಹುದು. ದೂರ್ವಾಸಪುರದ ಅಗ್ರಹಾರಕ್ಕೆ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಆಚಾರ ಬಿಟ್ಟವನ ಹೆಣ ಸುಡುವವರು ಯಾರು ಅನ್ನುವ ಚರ್ಚೆಯಲ್ಲಿ ಹೆಣ ಹಾಗೇ ಬಿದ್ದಿರುತ್ತದೆ. ಇಲಿಗಳು ಉದುರುತ್ತವೆ, ಹದ್ದುಗಳು ಮನೆಯ ಮೇಲೆ ಕೂರುತ್ತವೆ, ಜನ ಜಾಗಟೆ ಬಡಿದು ಓಡಿಸುತ್ತಾರೆ. ರೋಗ ಮುಂದೆ ಹೋಗುತ್ತಲೇ ಇರುತ್ತದೆ. ಕೊನೆಗೆ ನಾರಣಪ್ಪನ ಜೊತೆಗಿದ್ದ ಚಂದ್ರಿ, ರಾತ್ರಿ ಹೊತ್ತು ಒಬ್ಬ ಮುಸಲ್ಮಾನನ ಸಹಾಯ ಪಡೆದು ಹೆಣ ಸುಡಿಸುತ್ತಾಳೆ. ಅದು ಅಗ್ರಹಾರಕ್ಕೆ ಗೊತ್ತೂ ಆಗುವುದಿಲ್ಲ.

ಅಲ್ಲಿ ಅನ್ನಾ, ಇಲ್ಲಿ ಚಂದ್ರಿ. ಎರಡೂ ಕಡೆ ಓದಿದವರು ಧರ್ಮ ಯಾವುದು ಅಂತ ತಲೆ ಕೆಡಿಸಿಕೊಂಡಿರುವಾಗ, ಲೆಕ್ಕಕ್ಕೇ ಇಲ್ಲದ ಹೆಂಗಸೊಬ್ಬಳು ಮುಂದಿನ ಕೆಲಸ ಮಾಡಿ ಮುಗಿಸುತ್ತಾಳೆ.

2020ರ ಬೇಸಿಗೆಯಲ್ಲಿ ನಾವು ನಮ್ಮ ಕಣ್ಣಿಂದಲೇ ಇದನ್ನು ನೋಡಿದೆವು. ನಮ್ಮಲ್ಲೊಬ್ಬನ ಊರಿನಲ್ಲಿ ಜೆಸಿಬಿ ತಂದು ರಸ್ತೆಗೆ ಅಡ್ಡ ಕಾಲುವೆ ತೋಡಿದರು. ಮುಂಬೈಗೆ ಕೂಲಿಗೆ ಹೋಗಿದ್ದ ಒಂದು ಸಂಸಾರ, ಗಂಡ ಹೆಂಡತಿ ಎರಡು ಮಕ್ಕಳು, ಊರಿಗೆ ಮರಳಿತು. ಅವರನ್ನು ಊರಾಚೆಯ ಶಾಲೆಯಲ್ಲಿ ಹದಿನಾಲ್ಕು ದಿನ ಇರಿಸಿದರು. ಇರಿಸಿದ್ದು ಸರಿಯೇ, ಸರ್ಕಾರದ ನಿಯಮವೇ ಇತ್ತು. ಆದರೆ ಮೊದಲ ದಿನ ಕುಡಿಯುವ ನೀರು ಕೊಡಲು ಯಾರೂ ಹೋಗಲಿಲ್ಲ. ಸಂಜೆಗೆ ಊರಿನ ಆಶಾ ಕಾರ್ಯಕರ್ತೆ ಹೋದರು. ಮಾರನೆ ದಿನದಿಂದ ಬಿಸಿಯೂಟದ ಅಡುಗೆಯವರು ಗೇಟಿನ ಹತ್ತಿರದ ಕಲ್ಲಿನ ಮೇಲೆ ಮುದ್ದೆ ಸಾರು ಇಟ್ಟು ಬಂದರು. ಹದಿನಾಲ್ಕು ದಿನ ಮುಗಿದು, ಪರೀಕ್ಷೆಯಲ್ಲಿ ರೋಗ ಇಲ್ಲ ಅಂತ ಬಂದ ಮೇಲೂ ಆ ಮನೆಯ ಹಾಲನ್ನು ಒಂದು ತಿಂಗಳು ಯಾರೂ ಕೊಳ್ಳಲಿಲ್ಲ.

ಈಮ್ ಊರಿನ ಬೇಲಿಗೂ ನಮ್ಮ ಕಾಲುವೆಗೂ ಇರುವ ವ್ಯತ್ಯಾಸ ಇದು. ನಮ್ಮಿಂದ ನಿಮಗೆ ರೋಗ ಬರಬಾರದು ಅಂತ ಅವರು ಒಳಗಿನಿಂದ ಬೇಲಿ ಹಾಕಿಕೊಂಡರು. ನಿಮ್ಮಿಂದ ನಮಗೆ ಬರಬಾರದು ಅಂತ ನಾವು ಹೊರಗಿನವರಿಗೆ ಹಾಕಿದೆವು. ಆ ಹೊರಗಿನವರು ನಮ್ಮೂರಿನವರೇ ಆಗಿದ್ದರು. ರೋಗ ಬಂದಾಗ ದೂರ ಇರುವುದು ತಪ್ಪಲ್ಲ, ಇರಲೇಬೇಕು. ದೂರ ಇಟ್ಟವರಿಗೆ ಅನ್ನ ನೀರು ತಲುಪಿಸುವ ಒಂದು ಕಲ್ಲು ಊರಲ್ಲಿ ಇದೆಯೋ ಇಲ್ಲವೋ, ಅದು ಪ್ರಶ್ನೆ.

ಆ ಕಲ್ಲಿನವರೆಗೆ ನಡೆದುಹೋದವರು ಯಾರು ಅನ್ನುವುದು ಇನ್ನೊಂದು ಪ್ರಶ್ನೆ. ಆ ವರ್ಷ ಸರ್ಕಾರದ ಪಟ್ಟಿಯಲ್ಲಿ ರೋಗಿಗಳು ಬರೀ ನಂಬರ್ ಆಗಿದ್ದರು. ಹೆಸರು ಗುಟ್ಟಾಗಿ ಇಟ್ಟದ್ದು ಅವರ ಒಳ್ಳೆಯದಕ್ಕೇ, ಸರಿ. ಆದರೆ ನೋಡಿಕೊಂಡವರ ಹೆಸರೂ ಎಲ್ಲೂ ಇಲ್ಲ. ಅದೇ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಕೂರಬೇಕಾಯಿತು. ಮುಂದೆ ಯಾರಾದರೂ ಈ ಕಾಲದ ಕಥೆ ಬರೆಯಲು ಕೂತರೆ, ಮಾಂಪೆಸನ್ನನ ಕೆಲಸದವಳ ಹಾಗೆ ಇವರನ್ನೂ ಒಂದೇ ಸಾಲಿನಲ್ಲಿ ಹುಡುಕಬೇಕಾಗುತ್ತದೆ.

ಅದಕ್ಕೆ ನಾವು ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಮೂರು ಊರುಗಳಲ್ಲಿ ಹಿರಿಯರನ್ನು ಕೇಳಿ ಬರೆದುಕೊಳ್ಳುತ್ತಿದ್ದೇವೆ: ಪ್ಲೇಗಿಗೆ ಊರು ಬಿಟ್ಟಾಗ ಗುಡಿಸಲು ಹಾಕಿದ ಹೊಲ ಯಾವುದು, ಹೆಣ ಹೊತ್ತವರು ಯಾರು, ಸೂಲಗಿತ್ತಿ ಯಾರಾಗಿದ್ದಳು. ಜೊತೆಗೆ 2020ರದ್ದೂ: ಶಾಲೆಯ ಗೇಟಿಗೆ ಅನ್ನ ಇಟ್ಟವರು ಯಾರು. ಅವರು ಒಪ್ಪಿದರೆ ಮಾತ್ರ ಹೆಸರು ಬರೆಯುತ್ತೇವೆ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ವಾರ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಮೊದಲು “ಅದೆಲ್ಲ ಯಾಕೀಗ” ಅನ್ನುತ್ತಾರೆ. ಎದ್ದು ಬರಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂತಿರಿ.